ಸಭೆಯ ಸಹಿ ಪುಸ್ತಕದಲ್ಲಿ ಇಲ್ಲದ ಪೋಷಕರು

ಪೋಷಕರ ಪಾಲ್ಗೊಳ್ಳುವಿಕೆಯಿಂದ ತರಗತಿಯಲ್ಲಿ ಮಕ್ಕಳ ಮೇಲೆ ಆಗುವ ಪರಿಣಾಮವನ್ನು ಸಂಶೋಧನೆಯ ವಿಷಯವಾಗಿ ಆರಿಸಿಕೊಂಡ ಮೇಲೆ ನನಗೆ ಎದುರಾದ ಮೊದಲ ಪ್ರಶ್ನೆ, ಆ ಪಾಲ್ಗೊಳ್ಳುವಿಕೆಯನ್ನು ಅಳೆಯುವುದು ಹೇಗೆ ಎಂಬುದು. ಶಾಲೆಯಲ್ಲಿ ಸುಲಭವಾಗಿ ಕೈಗೆ ಸಿಗುವುದು ಪೋಷಕರ ಸಭೆಯ ಸಹಿಗಳು ಮತ್ತು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಡಾವಳಿ ಪುಸ್ತಕ. ಆದರೆ ಆ ಸಹಿಗಳನ್ನು ಎಣಿಸಿ ಮಕ್ಕಳ ಅಂಕಗಳ ಜೊತೆ ಹೋಲಿಸಿದರೆ ಬರುವ ಉತ್ತರವನ್ನು, ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪಾಠ ಮಾಡುವ ನಾನು ನಂಬಲಾರೆ.

ಇಲ್ಲಿನ ಅನೇಕ ಮನೆಗಳಲ್ಲಿ ರೇಷ್ಮೆ ಹುಳು ಸಾಕಣೆಯೇ ಜೀವನಾಧಾರ. ಹುಳು ನಾಲ್ಕನೇ ಜ್ವರದಿಂದ (ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಮೇಲೆ ಸುಮಾರು ಒಂದು ವಾರದಲ್ಲಿ ತಿನ್ನುವ ಸೊಪ್ಪು, ಅದು ಹುಟ್ಟಿದಾಗಿನಿಂದ ಗೂಡು ಕಟ್ಟುವವರೆಗೆ ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು. ಆ ವಾರ ಮನೆಯವರಿಗೆ ಹಗಲು ರಾತ್ರಿಗಳ ವ್ಯತ್ಯಾಸವಿರುವುದಿಲ್ಲ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ (ಗೂಡು ಕಟ್ಟಿಸುವ ತಟ್ಟೆ) ಬಿಡುವ ದಿನವಂತೂ ಎಷ್ಟು ಜನರಿದ್ದರೂ ಸಾಲದು. ಶಾಲೆಗೆ ತಪ್ಪದೆ ಬರುವ ಮಕ್ಕಳೂ ಇಂಥ ದಿನಗಳಲ್ಲಿ ಕಾಣೆಯಾಗುತ್ತಾರೆ. ಹೀಗಿರುವಾಗ ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳದೆ, ಕೂಲಿಗೆ ಆಳು ಕರೆದೋ, ತಾನೇ ನಸುಕಿನಲ್ಲಿ ಎದ್ದು ಸೊಪ್ಪು ತಂದೋ, ಅವಳನ್ನು ಹೊತ್ತಿಗೆ ಸರಿಯಾಗಿ ಶಾಲೆಗೆ ಕಳಿಸುವ ತಾಯಿಯನ್ನು ನಾನು ಯಾವ ಕಲಮಿನಲ್ಲಿ ಬರೆದುಕೊಳ್ಳಬೇಕು? "ಮೀಟಿಂಗಿಗೆ ಬರಾಕಾಗಲ್ಲ ಮಿಸ್, ಹುಳ ಹಣ್ಣಾಗೈತೆ, ಅವಳನ್ನ ಕಳಿಸಿದೀನಿ" ಎಂದು ಒಬ್ಬ ತಾಯಿ ಫೋನಿನಲ್ಲಿ ಹೇಳಿದರು. ಸಭೆಯ ಪುಸ್ತಕದಲ್ಲಿ ಅವರು ಗೈರುಹಾಜರಿ. ನನ್ನ ತರಗತಿಯಲ್ಲಿ ಅವರ ಮಗಳು ಒಂದು ದಿನದ ಪಾಠವನ್ನೂ ಕಳೆದುಕೊಳ್ಳಲಿಲ್ಲ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಪಾಲ್ಗೊಳ್ಳುವಿಕೆ ಇಲ್ಲ.

ಈ ವಿಷಯದ ಹಿಂದಿನ ಅಧ್ಯಯನಗಳೂ ಇದೇ ದಿಕ್ಕಿನಲ್ಲಿ ಯೋಚಿಸಲು ಪ್ರೇರೇಪಿಸುತ್ತವೆ. ಅಮೆರಿಕದ ಜಾಯ್ಸ್ ಎಪ್‌ಸ್ಟೀನ್ ಅವರು ಪೋಷಕರ ಪಾಲ್ಗೊಳ್ಳುವಿಕೆಯನ್ನು ಆರು ಬಗೆಯಾಗಿ ವಿಂಗಡಿಸಿದ್ದು, ಅವುಗಳಲ್ಲಿ ಮಗುವಿನ ಪಾಲನೆ ಮತ್ತು ಮನೆಯಲ್ಲಿನ ಕಲಿಕೆಯೂ ಸೇರಿವೆ. 2001ರಲ್ಲಿ ಫ್ಯಾನ್ ಮತ್ತು ಚೆನ್ ಹಲವು ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಗುವಿನ ಓದಿನ ಬಗ್ಗೆ ಪೋಷಕರು ಇಟ್ಟುಕೊಂಡ ನಿರೀಕ್ಷೆಗೂ ಕಲಿಕೆಗೂ ನಡುವಿನ ಸಂಬಂಧ ಎಲ್ಲಕ್ಕಿಂತ ಬಲವಾಗಿಯೂ, ಮನೆಯಲ್ಲಿನ ಮೇಲ್ವಿಚಾರಣೆಯ ಸಂಬಂಧ ಅತಿ ದುರ್ಬಲವಾಗಿಯೂ ಕಂಡುಬಂದಿತು. ಮಾಧ್ಯಮಿಕ ಹಂತದ ಮಕ್ಕಳನ್ನು ಕುರಿತು ಹಿಲ್ ಮತ್ತು ಟೈಸನ್ 2009ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಓದಿನ ಬೆಲೆಯನ್ನೂ ಮುಂದಿನ ಗುರಿಯನ್ನೂ ಕುರಿತು ಮಕ್ಕಳೊಂದಿಗೆ ಮಾತನಾಡುವುದಕ್ಕೆ ಹೆಚ್ಚಿನ ಸ್ಥಾನ ದೊರೆತಿದ್ದರೆ, ಹೋಂವರ್ಕಿಗೆ ನೆರವಾಗುವುದಕ್ಕೆ ಅಂಥ ಫಲ ಕಾಣಲಿಲ್ಲ. ಓದಿನಲ್ಲಿ ಹಿಂದುಳಿದ ಮಕ್ಕಳಿಗೇ ಪೋಷಕರು ಹೆಚ್ಚು ಕೂತು ಹೇಳಿಕೊಡುವುದು ಇದಕ್ಕೆ ಒಂದು ಕಾರಣವಿರಬಹುದು. ಆದ್ದರಿಂದ ವರ್ಷದ ಆರಂಭದಲ್ಲಿ ಮಗು ಯಾವ ಮಟ್ಟದಲ್ಲಿತ್ತು ಎಂಬುದನ್ನು ದಾಖಲಿಸದೆ, ಕಾರಣ ಯಾವುದು ಫಲ ಯಾವುದು ಎಂದು ಬೇರ್ಪಡಿಸಲು ಸಾಧ್ಯವೇ ಇಲ್ಲ.

ಸಮಿತಿಗಳ ಮಾತು ಬಂದಾಗ ನನಗೆ ಅಷ್ಟು ಉತ್ಸಾಹವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್, ಶಾಲಾ ನಿರ್ವಹಣಾ ಸಮಿತಿಯಲ್ಲಿ ಕನಿಷ್ಠ ನಾಲ್ಕನೇ ಮೂರು ಭಾಗ ಪೋಷಕರೂ ಅರ್ಧದಷ್ಟು ಮಹಿಳೆಯರೂ ಇರಬೇಕೆನ್ನುತ್ತದೆ. ಅದು ಸರಿಯಾದ ನಿಯಮವೇ. ಆದರೆ ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗ್ರಾಮ ಶಿಕ್ಷಣ ಸಮಿತಿಯ ಅಧಿಕಾರಗಳ ಬಗ್ಗೆ ಊರವರಿಗೆ ತಿಳಿವಳಿಕೆ ಕೊಟ್ಟಿದ್ದರಿಂದ ಸರ್ಕಾರಿ ಶಾಲೆಗಳಲ್ಲಿ ಸಮುದಾಯದ ಪಾಲ್ಗೊಳ್ಳುವಿಕೆ ಹೆಚ್ಚಲಿಲ್ಲ. ಊರಿನ ಯುವಕರಿಗೆ ತರಬೇತಿ ನೀಡಿ ನಡೆಸಿದ ಓದುವ ಶಿಬಿರಗಳಿಗೆ ಹೋದ ಮಕ್ಕಳ ಓದು ಮಾತ್ರ ಸುಧಾರಿಸಿತು.

ಇನ್ನು ಪ್ರಶ್ನಾವಳಿ. ಬಾಗೇಪಲ್ಲಿ, ಚಿಂತಾಮಣಿ ಕಡೆಯಂತೆ ನಮ್ಮಲ್ಲೂ ಹಲವರ ಮನೆಮಾತು ತೆಲುಗು. ಅಕ್ಷರ ಬಾರದ ತಾಯಂದಿರೂ ಇದ್ದಾರೆ. ಮುದ್ರಿಸಿದ ಹಾಳೆಯನ್ನು ಮಗುವಿನ ಕೈಯಲ್ಲಿ ಮನೆಗೆ ಕಳಿಸಿದರೆ, ಅದನ್ನು ಓದಬಲ್ಲ ಮನೆಗಳಿಂದ ಮಾತ್ರ ಉತ್ತರ ಬರುತ್ತದೆ. ಹೀಗಾಗಿ ಸಂಜೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಮನೆಯ ಜಗಲಿಯಲ್ಲೇ ಕುಳಿತು, ಅವರಿಗೆ ಒಗ್ಗುವ ಭಾಷೆಯಲ್ಲಿ ಬಾಯಿಮಾತಿನಿಂದಲೇ ಕೇಳುವ ಕ್ರಮವನ್ನು ಅನುಸರಿಸುತ್ತಿದ್ದೇನೆ. ಹೋಂವರ್ಕಿಗೆ ಸಹಾಯ ಮಾಡುತ್ತೀರಾ ಎಂದರೆ ಇಲ್ಲ ಎನ್ನುವವರು, ಇವತ್ತು ಶಾಲೆಯಲ್ಲಿ ಏನು ಹೇಳಿಕೊಟ್ಟರು ಎಂದು ಮಗುವನ್ನು ಕೇಳುತ್ತೀರಾ ಎಂದರೆ ಮುಖವರಳಿಸಿ ಬಹಳಷ್ಟು ಹೇಳುತ್ತಾರೆ.

ತರಗತಿಯಲ್ಲಿ ಮಗು ಪ್ರಶ್ನೆ ಕೇಳುವುದು, ಗಟ್ಟಿಯಾಗಿ ಓದಲು ಮುಂದೆ ಬರುವುದು, ನೋಟ್‌ಬುಕ್ ಪೂರ್ಣಗೊಳಿಸುವುದು ಇವೆಲ್ಲವನ್ನೂ ಆ ಮನೆಗೆ ಹೋಗದ ಬೇರೆ ಶಿಕ್ಷಕರು ಗುರುತಿಸಬೇಕೆಂದು ನಿಗದಿಪಡಿಸಿದ್ದೇನೆ; ತಾಯಿಯ ಮಾತು ಕೇಳಿ ಬಂದ ನನ್ನ ಕಣ್ಣು ಮಗುವಿನ ಕಡೆ ವಾಲುವುದು ಸಹಜ. ಹಾಜರಿಯನ್ನು ತಿಂಗಳ ಸರಾಸರಿಯಾಗಿ ನೋಡಿದರೆ ಹುಳು ಹಣ್ಣಾಗುವ ವಾರ ಅದರಲ್ಲಿ ಮುಚ್ಚಿಹೋಗುತ್ತದೆ. ಬೆಳೆಯ ದಿನಗಳು ಮನೆಯಿಂದ ಮನೆಗೆ ಬೇರೆಯಾಗಿರುವುದರಿಂದ, ಚಾಕಿ ಹುಳು (ಸಾಕಲು ತರುವ ಎಳೆಯ ಹುಳು) ತಂದದ್ದು ಯಾವ ದಿನ ಎಂದು ಪ್ರತಿ ಮನೆಯಲ್ಲೂ ಕೇಳಿ, ಮಗುವಿನ ಹಾಜರಿಯ ಪಕ್ಕದಲ್ಲೇ ಅದನ್ನು ಬರೆದುಕೊಳ್ಳುತ್ತಿದ್ದೇನೆ.