ಕ್ಲೀನರ್ ಇಲ್ಲದ ಲಾರಿ

ಲಾರಿ ಓಡಿಸೋದು ಕಲಿಯಲು ಸ್ಕೂಲ್ ಸೇರಿದ್ದೇನೆ ಎಂದು ಊರಿಗೆ ಫೋನ್ ಮಾಡಿದಾಗ ಅಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಪಕ್ಕದಲ್ಲಿದ್ದ ಸೋದರಮಾವ ಫೋನ್ ಇಸ್ಕೊಂಡು ಒಂದೇ ಪ್ರಶ್ನೆ ಕೇಳಿದರು.

"ಕ್ಲೀನರ್ ಯಾರೋ?"

"ಇಲ್ಲಿ ಕ್ಲೀನರ್ ಇರಲ್ಲ ಮಾವ. ಡ್ರೈವರ್ ಒಬ್ಬನೇ."

"ಮತ್ತೆ ಹಿಂದೆ ನೋಡೋರು ಯಾರು?"

ಮಾವ ತಿಪಟೂರಿನಿಂದ ಕೊಬ್ಬರಿ ಲೋಡು ತುಂಬಿಕೊಂಡು ಉತ್ತರದ ಕಡೆ ಹೋಗುತ್ತಿದ್ದವರು. ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದಿದ್ದಾರೆ. ಅವರ ಜೊತೆ ಯಾವಾಗಲೂ ಒಬ್ಬ ಹುಡುಗ ಇರುತ್ತಿದ್ದ. ರಿವರ್ಸ್ ತೆಗೆಯುವಾಗ ಹಿಂದೆ ನಿಂತು, ಬಾಡಿ ತಟ್ಟುತ್ತಾ "ಬರ್ಲಿ, ಬರ್ಲಿ... ರೈಟ್, ರೈಟ್... ಓಲ್ಡಾನ್!" ಎನ್ನುವವನು ಅವನೇ. ಟೈರಿಗೆ ರಾಡಿನಿಂದ ಹೊಡೆದು, ಸದ್ದು ಕೇಳಿಯೇ ಗಾಳಿ ಇದೆಯೋ ಇಲ್ಲವೋ ಹೇಳುವವನು ಅವನೇ. ಘಾಟಿಯಲ್ಲಿ ಚಕ್ರಕ್ಕೆ ಕಲ್ಲು ಕೊಡುವುದು, ಟಾರ್ಪಾಲಿನ ಹಗ್ಗ ಬಿಗಿಯುವುದು, ನಡುರಾತ್ರಿ ಮಾವನಿಗೆ ತೂಕಡಿಕೆ ಬರದ ಹಾಗೆ ಏನಾದರೂ ಮಾತಾಡುತ್ತಿರುವುದು, ಎಲ್ಲ ಅವನ ಕೆಲಸ. ಮಾವ ಆ ಪ್ರಶ್ನೆಯನ್ನು ಸುಮ್ನೆ ಕೇಳಿರಲಿಲ್ಲ. ಅದು ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ನಾನಿರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಬ್ರಾಂಪ್ಟನ್‌ನಲ್ಲಿ. ಬಂದ ಹೊಸದರಲ್ಲಿ ಮೂರು ವರ್ಷ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡಿದೆ. ಫೋರ್ಕ್‌ಲಿಫ್ಟ್‌ನಲ್ಲಿ ಸರಕು ತಂದು ಟ್ರೇಲರ್‌ಗೆ ತುಂಬುವ ಕೆಲಸ. ಕತ್ತಲಲ್ಲಿ, ಹಿಮ ಬೀಳುವಾಗ, 53 ಅಡಿ ಉದ್ದದ ಟ್ರೇಲರನ್ನು ಎರಡು ಗಾಡಿಗಳ ಮಧ್ಯೆ ತಂದು ಸರಕು ತುಂಬುವ ಕಟ್ಟೆಗೆ, ಅಂದರೆ ಡಾಕ್‌ಗೆ, ಮೆತ್ತಗೆ ತಾಗಿಸುವ ಡ್ರೈವರ್‌ಗಳನ್ನು ನೋಡುತ್ತಾ ನಿಲ್ಲುತ್ತಿದ್ದೆ. ಆ ಕೆಲಸದ ಮೇಲೆ ಆಸೆ ಹುಟ್ಟಿದ್ದು ಅಲ್ಲೇ.

ಇಲ್ಲಿ ದೊಡ್ಡ ಟ್ರೇಲರ್ ಲಾರಿಗೆ ಎ ದರ್ಜೆಯ ಲೈಸೆನ್ಸ್ ಬೇಕು. ಏರ್ ಬ್ರೇಕ್‌ಗೆ ಝೆಡ್ ಎಂಬ ಇನ್ನೊಂದು ಮೊಹರು. ಎರಡೂ ಸೇರಿದರೆ ಎಲ್ಲರ ಬಾಯಲ್ಲೂ 'ಎ-ಝೆಡ್'. ಊರಿನ ಹೆವಿ ಲೈಸೆನ್ಸ್ ತೋರಿಸಿದರೆ ಇದು ಸಿಗುವುದಿಲ್ಲ. ಕಣ್ಣಿನ ಪರೀಕ್ಷೆ, ವೈದ್ಯರ ಪತ್ರ, ಬರವಣಿಗೆಯ ಪರೀಕ್ಷೆ ಮುಗಿಸಿ, ಆಮೇಲೆ ತರಬೇತಿಗೆ ಹೋಗಬೇಕು. 'ಮೆಲ್ಟ್' ಎನ್ನುವ ಈ ತರಬೇತಿ ಒಂಟಾರಿಯೊದಲ್ಲಿ 2017ರ ಜುಲೈ 1ರಿಂದ ಕಡ್ಡಾಯ. ಕನಿಷ್ಠ 103.5 ಗಂಟೆ. ನಾನು ಕಟ್ಟಿದ ಫೀಸು ಹತ್ತಿರ ಹತ್ತಿರ 8,000 ಡಾಲರ್. ಗೋದಾಮಿನಲ್ಲಿ ಉಳಿಸಿದ್ದೆಲ್ಲ ಅಲ್ಲಿಗೆ ಹೋಯಿತು.

ಸೇರುವ ಮುಂಚೆ ಸ್ಕೂಲಿನವರನ್ನು ಒಂದು ವಿಷಯ ಕೇಳಲೇಬೇಕು: ಸ್ಟೇರಿಂಗ್ ನನ್ನ ಕೈಗೆ ಎಷ್ಟು ಗಂಟೆ ಸಿಗುತ್ತದೆ? ನನ್ನ ಗೆಳೆಯನೊಬ್ಬ ಬೇರೆ ಕಡೆ ಸೇರಿದ್ದ. ಒಂದೇ ಕ್ಯಾಬಿನ್‌ನಲ್ಲಿ ನಾಲ್ಕು ಜನ ಕೂತು, ಒಬ್ಬೊಬ್ಬರೇ ಓಡಿಸುವುದನ್ನು ಉಳಿದವರು ನೋಡುವುದು. ನೋಡಿದ್ದನ್ನೂ ಗಂಟೆಯ ಲೆಕ್ಕಕ್ಕೆ ಹಾಕಿಕೊಂಡರಂತೆ. ಇನ್ನೊಂದು ವಿಷಯ, ಗಾಡಿ ಮ್ಯಾನುಯಲ್ ಗೇರಿನದೋ ಆಟೋಮ್ಯಾಟಿಕ್ಕೋ ಅಂತ ಕೇಳಿ. 2022ರ ಜುಲೈಯಿಂದ ಆಟೋಮ್ಯಾಟಿಕ್ ಗಾಡಿಯಲ್ಲಿ ಎ ಪರೀಕ್ಷೆ ಕೊಟ್ಟವರ ಲೈಸೆನ್ಸ್ ಆಟೋಮ್ಯಾಟಿಕ್‌ಗೆ ಮಾತ್ರ ಸೀಮಿತ.

ನಾನು ಮ್ಯಾನುಯಲ್ಲೇ ಕಲಿತೆ. ಹದಿಮೂರು ಗೇರು. ಒಂದು ಗೇರ್ ಬದಲಿಸಲು ಕ್ಲಚ್ ಎರಡು ಸಲ ಒತ್ತಬೇಕು. ಒತ್ತಿ ನ್ಯೂಟ್ರಲ್‌ಗೆ ತಂದು ಬಿಡು, ಎಂಜಿನ್‌ನ ಸುತ್ತು ಹೊಂದುವವರೆಗೆ ಕಾಯಿ, ಮತ್ತೆ ಒತ್ತಿ ಗೇರ್ ಹಾಕು. ಆತುರಪಟ್ಟರೆ ಕರ್ರ್ ಎಂದು ಹಲ್ಲು ಕಡಿಯುವ ಸದ್ದು. ಮೊದಲ ವಾರವೆಲ್ಲ ಆ ಸದ್ದು ನಿದ್ದೆಯಲ್ಲೂ ಕೇಳಿಸುತ್ತಿತ್ತು.

ಕಲಿಸಿದವರು ಪಂಜಾಬಿನ ಹಿರಿಯರು. ಎಲ್ಲರೂ ಅವರನ್ನು ಪಾಜೀ ಎನ್ನುತ್ತಿದ್ದೆವು. ಅವರು ಮೊದಲ ಮೂರು ದಿನ ಗಾಡಿ ಸ್ಟಾರ್ಟ್ ಮಾಡಿಸಲೇ ಇಲ್ಲ. ಬರೀ ಸುತ್ತು ಹಾಕಿಸಿದರು. ಹುಡ್ ಎತ್ತಿ ಆಯಿಲ್ ನೋಡು, ಬೆಲ್ಟ್ ನೋಡು. ಟೈರಿನ ಗೀರುಗಳ ಆಳ, ವೀಲ್ ನಟ್ಟಿನ ಸುತ್ತ ತುಕ್ಕಿನ ಗೆರೆ, ಲೈಟು, ಗಾಳಿ ಪೈಪುಗಳು ಎಲ್ಲವನ್ನೂ ನೋಡು. ಟ್ರೇಲರ್ ಸೇರಿಸಿದ ಮೇಲೆ ಟ್ರೇಲರ್‌ನ ಬ್ರೇಕ್ ಹಿಡಿದು ಗಾಡಿಯನ್ನು ಮೆತ್ತಗೆ ಮುಂದಕ್ಕೆ ಎಳೆದು ನೋಡಬೇಕು, ಕಚ್ಚಿಕೊಂಡಿದೆಯಾ ಅಂತ. ಅಷ್ಟಕ್ಕೇ ನಂಬಬಾರದು. ಇಳಿದು, ಬಗ್ಗಿ, ಟಾರ್ಚ್ ಬಿಟ್ಟು, ಲಾರಿಯ ಬೆನ್ನ ಮೇಲಿನ ಫಿಫ್ತ್ ವೀಲ್ ಎಂಬ ತಟ್ಟೆಯ ದವಡೆ, ಟ್ರೇಲರ್ ಕೆಳಗಿನ ಕಿಂಗ್‌ಪಿನ್ ಎಂಬ ಗೂಟದ ಸುತ್ತ ಮುಚ್ಚಿದೆಯಾ ಎಂದು ಕಣ್ಣಾರೆ ನೋಡಬೇಕು. ಒಂದು ಬೆಳಿಗ್ಗೆ ಪಾಜೀ ಮರದ ದೊಣ್ಣೆ ತಗೊಂಡು ಒಂದೊಂದೇ ಟೈರಿಗೆ ಹೊಡೆಯುತ್ತಾ ಬಂದರು. ಟಣ್, ಟಣ್, ಟಣ್, ದಪ್. ನಾಲ್ಕನೆಯದರಲ್ಲಿ ಗಾಳಿ ಇರಲಿಲ್ಲ. ಮಾವನ ಹುಡುಗ ಮಾಡುತ್ತಿದ್ದುದೂ ಇದನ್ನೇ. ನನಗೆ ಗಂಟಲು ಕಟ್ಟಿತು.

ಏರ್ ಬ್ರೇಕ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 'ಗಾಳಿ ಹೋಗಿ ಬ್ರೇಕ್ ಫೇಲ್ ಆಯ್ತು' ಅಂತ ನಾವು ಮಾತಾಡುತ್ತೇವೆ, ಅಲ್ವಾ? ಆದರೆ ಪಾರ್ಕಿಂಗ್ ಬ್ರೇಕಿನಲ್ಲಿ ಕೆಲಸ ಮಾಡುವುದು ಬಲವಾದ ಸ್ಪ್ರಿಂಗು. ಅದನ್ನು ಅದುಮಿ ಹಿಡಿದಿರುವುದು ಗಾಳಿ. ಗಾಳಿ ತೀರಾ ಕಡಿಮೆಯಾದರೆ ಸ್ಪ್ರಿಂಗ್ ಬಿಚ್ಚಿಕೊಂಡು ಚಕ್ರಗಳು ತಾವಾಗಿಯೇ ಹಿಡಿದುಕೊಳ್ಳುತ್ತವೆ. ಅದು ಓಡುವ ಗಾಡಿಯಲ್ಲಿ, ನಡುರಸ್ತೆಯಲ್ಲಿ ಆಗಬಾರದು. ಅದಕ್ಕೇ ದಿನವೂ ಪೆಡಲ್ ಒತ್ತಿ ಒತ್ತಿ ಗಾಳಿ ಇಳಿಸಿ, ಒತ್ತಡ 60 ಪಿಎಸ್‌ಐ ಸುಮಾರಿಗೆ ಬಂದಾಗ ಎಚ್ಚರಿಕೆಯ ಬಜರ್ ಬಡಿಯುತ್ತದಾ ನೋಡುವುದು, ಆಮೇಲೆ ಎಲ್ಲಾದರೂ ಸೋರುತ್ತಿದೆಯಾ ಎಂದು ಕಿವಿಗೊಟ್ಟು ಕೇಳುವುದು.

ಇನ್ನು ರಿವರ್ಸ್. ಟ್ರೇಲರ್‌ನ ಬಾಲ ಎಡಕ್ಕೆ ಹೋಗಬೇಕೆಂದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು. ನನಗೆ ಇದು ಅರ್ಥವಾದದ್ದು ತಾತನ ಎತ್ತಿನ ಗಾಡಿ ನೆನಪಾದಾಗ. ಗಾಡಿಯನ್ನು ಹಿಂದಕ್ಕೆ ತಳ್ಳುವಾಗ ಮೂಕಿಯನ್ನು ಬಲಕ್ಕೆ ಸರಿಸಿದರೆ ಹಿಂಭಾಗ ಎಡಕ್ಕೆ ಹೋಗುತ್ತಿತ್ತು. ತಲೆಗೆ ಗೊತ್ತಾಯಿತು, ಕೈಗೆ ಗೊತ್ತಾಗಲು ಮೂರು ವಾರ ಬೇಕಾಯಿತು. ಸ್ವಲ್ಪ ಜಾಸ್ತಿ ತಿರುಗಿಸಿದರೆ ಟ್ರೇಲರ್ ಮಡಚಿಕೊಳ್ಳುತ್ತದೆ. ಒಂದು ಕನ್ನಡಿಯಲ್ಲಿ ಬರೀ ಟ್ರೇಲರ್‌ನ ಬಿಳಿ ಗೋಡೆ ಕಾಣುತ್ತದೆ, ಬಾಲ ಎಲ್ಲಿದೆಯೋ ಗೊತ್ತೇ ಆಗುವುದಿಲ್ಲ. ಆಗೆಲ್ಲ ಪಾಜೀ ಕೆಳಗಿನಿಂದ ಕೂಗುತ್ತಿದ್ದರು: "ಉತರ್ ಕೇ ದೇಖ್, ಪುತ್ತರ್!" ಇಳಿದು ನೋಡು ಮಗ. ನನಗೆ ಅವಮಾನ ಅನ್ನಿಸುತ್ತಿತ್ತು. ನೂರು ಸಲ ಇಳಿದು ಹತ್ತಿದ ಮೇಲೆ ಆ ಭಾವನೆ ಹೋಯಿತು.

ಕ್ಲಾಸಿನಲ್ಲಿ ಒಂದು ದಿನ ಹಂಬೋಲ್ಟ್ ಅಪಘಾತದ ಪಾಠ. 2018ರ ಏಪ್ರಿಲ್ 6. ಸಸ್ಕಾಚೆವನ್ ಪ್ರಾಂತ್ಯದ ಒಂದು ಕ್ರಾಸಿನಲ್ಲಿ, ಐಸ್ ಹಾಕಿ ಆಡುವ ಹುಡುಗರಿದ್ದ ಬಸ್ಸಿನ ದಾರಿಗೆ ಲಾರಿಯೊಂದು ಸ್ಟಾಪ್ ಬೋರ್ಡ್ ದಾಟಿ ನುಗ್ಗಿತು. 16 ಜನ ಸತ್ತರು, 13 ಜನ ಗಾಯಗೊಂಡರು. ಡ್ರೈವರ್ ನಮ್ಮ ದೇಶದಿಂದ ಬಂದಿದ್ದ ಯುವಕ, ಕೆಲಸಕ್ಕೆ ಸೇರಿ ಕೆಲವೇ ವಾರ ಆಗಿತ್ತು. ಎರಡು ಟ್ರೇಲರ್ ಎಳೆಯುತ್ತಿದ್ದ. ಹಿಂದೆ ಬಡಿದುಕೊಳ್ಳುತ್ತಿದ್ದ ಟಾರ್ಪಾಲಿನ ಕಡೆ ಗಮನ ಹೋಗಿತ್ತು ಎಂಬುದು ಕೋರ್ಟಿನಲ್ಲಿ ಬಂತು. ಎಂಟು ವರ್ಷ ಶಿಕ್ಷೆಯಾಯಿತು. ಆಗ ಇಂಥ ತರಬೇತಿ ಕಡ್ಡಾಯವಿದ್ದದ್ದು ಒಂಟಾರಿಯೊದಲ್ಲಿ ಮಾತ್ರ. ಆಲ್ಬರ್ಟಾ, ಸಸ್ಕಾಚೆವನ್, ಮನಿಟೋಬಾಗಳಲ್ಲಿ ಅದು ಬಂದದ್ದು 2019ರಲ್ಲಿ. ಅವತ್ತು ಕ್ಲಾಸಿನಲ್ಲಿ ಯಾರೂ ಮಾತಾಡಲಿಲ್ಲ. ನನ್ನ ಕಣ್ಣ ಮುಂದೆ ಮಾವನ ಆ ಹುಡುಗ ಬಂದ. ಹಗ್ಗ ಸಡಿಲಾದರೆ ನೋಡಲು ಅವರಿಗೆ ಅವನಿದ್ದ. ಇಲ್ಲಿ ಒಂದು ಜೊತೆ ಕಣ್ಣು ಮುಂದೆಯೂ ಇರಬೇಕು, ಹಿಂದೆಯೂ ಇರಬೇಕು. ಆ ಹದಿನಾರು ಮನೆಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮೊದಲ ರೋಡ್ ಟೆಸ್ಟಿನಲ್ಲಿ ನಾನು ಫೇಲಾದೆ. ಬಲಕ್ಕೆ ತಿರುಗುವಾಗ ಟ್ರೇಲರ್‌ನ ಹಿಂದಿನ ಚಕ್ರ ಫುಟ್‌ಪಾತ್ ಹತ್ತಿತು. ಎರಡನೇ ಸಲ ಪಾಸಾದೆ.

ಲೈಸೆನ್ಸ್ ಕೈಗೆ ಬಂದರೂ ಕೆಲಸ ಬರಲಿಲ್ಲ. ಎಲ್ಲರೂ ಕೇಳುವುದು ಎರಡು ವರ್ಷದ ಅನುಭವ, ಇನ್ಶೂರೆನ್ಸ್ ಹಾಗಂತೆ. ಅನುಭವ ಬೇಡ ಎಂದ ಒಂದು ಕಡೆ, ನನ್ನ ಹೆಸರಿನಲ್ಲೇ ಒಂದು ಕಂಪನಿ ತೆರೆದು ಅದಕ್ಕೆ ಸಂಬಳ ತಗೋ ಎಂದರು. ಕೈಗೆ ಜಾಸ್ತಿ ದುಡ್ಡು ಬಂದಂತೆ ಕಾಣುತ್ತದೆ. ಆದರೆ ರಜೆಯ ಸಂಬಳ, ನಿರುದ್ಯೋಗ ವಿಮೆ, ಕೆಲಸದಲ್ಲಿ ಪೆಟ್ಟಾದರೆ ಸಿಗುವ ಪರಿಹಾರ ಯಾವುದೂ ಇರುವುದಿಲ್ಲ, ತೆರಿಗೆಯ ತಲೆನೋವು ಬೇರೆ. ಹೊಸಬರೇ ಇದರಲ್ಲಿ ಸಿಕ್ಕಿಬೀಳುವುದು. ನಾನು ಒಲ್ಲೆ ಎಂದೆ. ಇದೇ ಮಾತಿಗೆ, ಊರಿನಿಂದ ಕೇಳುವ ಹುಡುಗರಿಗೆ ಇನ್ನೊಂದು ಹೇಳಿಬಿಡುತ್ತೇನೆ. ಕೆನಡಾದಲ್ಲಿ ಲಾರಿ ಕೆಲಸ ಕೊಡಿಸುತ್ತೇವೆ ಎಂದು ಏಜೆಂಟರು ಲಕ್ಷಗಟ್ಟಲೆ ಕೇಳಿದರೆ ದಯವಿಟ್ಟು ಕೊಡಬೇಡಿ. ಕೆಲಸದ ಆಫರನ್ನು ಮಾರುವುದು ಇಲ್ಲಿ ಅಪರಾಧ.

ಎರಡು ತಿಂಗಳು ಅಲೆದ ಮೇಲೆ ಒಂದು ಕಡೆ ಸೇರಿಸಿಕೊಂಡರು. ಆರು ವಾರ ಅನುಭವಿ ಡ್ರೈವರ್ ಜೊತೆ, ಆಮೇಲೆ ಒಬ್ಬನೇ. ದಿನಕ್ಕೆ ಓಡಿಸುವುದು 13 ಗಂಟೆ ಮೀರಬಾರದು, ಒಟ್ಟು ಕೆಲಸ 14 ಗಂಟೆ ಮೀರಬಾರದು. ಗಾಡಿಯಲ್ಲಿರುವ ಯಂತ್ರ ಎಲ್ಲವನ್ನೂ ಬರೆದುಕೊಳ್ಳುತ್ತದೆ. ಮಾವನಿಗೆ ಇದನ್ನು ಹೇಳಿದಾಗ "ಹಂಗೊಂದು ನಮ್ಮಲ್ಲೂ ಇದ್ದಿದ್ರೆ ಎಷ್ಟು ಜನ ಉಳೀತಿದ್ರೋ" ಎಂದು ಸುಮ್ಮನಾದರು.

ಒಬ್ಬನೇ ಹೊರಟ ಮೊದಲ ತಿಂಗಳಲ್ಲೇ ತಪ್ಪು ಮಾಡಿದೆ. ಮಾಂಟ್ರಿಯಲ್ ಹತ್ತಿರದ ಗೋದಾಮು, ಜೋರು ಮಳೆ, ಹಿಂದೆ ಮೂರು ಗಾಡಿ ಕಾಯುತ್ತಿದ್ದವು. ಬಲಗಡೆ ಸ್ವಲ್ಪ ಅನುಮಾನವಿತ್ತು. ಇಳಿಯಲಿಲ್ಲ. ಪಕ್ಕದ ಗಾಡಿಯ ಕನ್ನಡಿ ಮುರಿದ ಸದ್ದು ನನಗೆ ಕೇಳಿಸಲೂ ಇಲ್ಲ, ಆ ಡ್ರೈವರ್ ಓಡಿಬಂದು ಬಾಗಿಲು ಬಡಿದಾಗಲೇ ಗೊತ್ತಾದದ್ದು. ಪುಣ್ಯಕ್ಕೆ ಅಲ್ಲಿ ಯಾರೂ ನಿಂತಿರಲಿಲ್ಲ. ಅವರ ಕಾಲು ಹಿಡಿಯುವಷ್ಟು ಹೆದರಿದ್ದೆ. ವಯಸ್ಸಾದ ಕ್ಯುಬೆಕ್‌ನವರು. ಬೈಯಲಿಲ್ಲ. ಫೋಟೋ ತೆಗೆದರು, ಕಾಗದ ಬರೆದರು, ನನಗೆ ಒಂದು ಕಾಫಿ ಕೊಡಿಸಿದರು. ಆ ರಾತ್ರಿ ಕ್ಯಾಬಿನ್‌ನಲ್ಲಿ ಮಲಗಿದರೂ ನಿದ್ದೆ ಬರಲಿಲ್ಲ. ಕನ್ನಡಿಯ ಜಾಗದಲ್ಲಿ ಒಬ್ಬ ಮನುಷ್ಯ ಇದ್ದಿದ್ದರೆ? ಅಂದಿನಿಂದ ಮಳೆಯಿರಲಿ, ಹಿಮವಿರಲಿ, ಹಿಂದೆ ಹತ್ತು ಗಾಡಿ ಹಾರ್ನ್ ಹೊಡೆಯಲಿ, ಇಳಿಯುತ್ತೇನೆ.

ಈಗ ಹೆಚ್ಚಾಗಿ ಪಕ್ಕದ ಮನಿಟೋಬಾ ಪ್ರಾಂತ್ಯದ ವಿನಿಪೆಗ್‌ಗೆ ಹೋಗುತ್ತೇನೆ. ಹೋಗಲಿಕ್ಕೇ 2,000 ಕಿಲೋಮೀಟರ್ ಮೇಲೆ, ಅದರಲ್ಲಿ ಬಹುಪಾಲು ಒಂಟಾರಿಯೊದ ಒಳಗೇ. ಉತ್ತರದ 11ನೇ ಹೆದ್ದಾರಿಯಲ್ಲಿ ಹರ್ಸ್ಟ್ ಎಂಬ ಊರು ದಾಟಿದರೆ ಲಾಂಗ್‌ಲ್ಯಾಕ್‌ವರೆಗೆ ಸುಮಾರು 200 ಕಿಲೋಮೀಟರ್ ಕಾಡು ಬಿಟ್ಟು ಬೇರೇನೂ ಇಲ್ಲ. ಹೋಗಲೊಂದು ಬರಲೊಂದು ಸಾಲು, ಅಷ್ಟೇ ರಸ್ತೆ. ರಾತ್ರಿ ಅಪಾಯ ಎಂದು ಬರೆದ ಮೂಸ್ ಚಿತ್ರದ ಬೋರ್ಡುಗಳು. ಮೂಸ್ ಎಂದರೆ ನಮ್ಮ ಕಡವೆಗಿಂತ ಎಷ್ಟೋ ದೊಡ್ಡ ಪ್ರಾಣಿ. ಕಪ್ಪು ಮೈ, ಕತ್ತಲಲ್ಲಿ ಕಾಣುವುದೇ ಇಲ್ಲ. ಚಳಿಗಾಲದಲ್ಲಿ ಮುಂದಿನ ಗಾಡಿಯ ಟೈರಿನಿಂದ ನೀರು ಸಿಡಿಯುತ್ತಿದ್ದುದು ಇದ್ದಕ್ಕಿದ್ದಂತೆ ನಿಂತರೆ, ರಸ್ತೆ ಗಟ್ಟಿ ಮಂಜಾಗಿದೆ ಎಂದರ್ಥ. ಒದ್ದೆ ಬ್ರೇಕಿನಲ್ಲಿ ಟ್ರೇಲರ್ ನಿಲ್ಲಿಸಿ ಮಲಗಿದರೆ ಬೆಳಿಗ್ಗೆ ಬ್ರೇಕ್ ಹೆಪ್ಪುಗಟ್ಟಿ ಚಕ್ರವೇ ತಿರುಗದಿರಬಹುದು. ಇವೆಲ್ಲ ಯಾರೋ ಹಿರಿಯ ಡ್ರೈವರ್‌ಗಳು ಟ್ರಕ್ ಸ್ಟಾಪಿನಲ್ಲಿ ನಿಂತು ಹೇಳಿಕೊಟ್ಟದ್ದು.

ಊಟಕ್ಕೆ ತೊಂದರೆ ಇಲ್ಲ. ನನ್ನವಳು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಕಟ್ಟಿಕೊಡುತ್ತಾಳೆ. ಕ್ಯಾಬಿನ್‌ನಲ್ಲಿ ಚಿಕ್ಕ ಕುಕ್ಕರ್ ಇದೆ.

ಕಳೆದ ಜನವರಿಯಲ್ಲಿ ನಿಪಿಗನ್ ಹತ್ತಿರ ರಾತ್ರಿ ನಿಲ್ಲಿಸಿದ್ದೆ. ಮೈನಸ್ 28 ಡಿಗ್ರಿ. ಹನ್ನೊಂದು ಗಂಟೆ ಇರಬೇಕು. ಕಿಟಕಿಯಿಂದ ನೋಡಿದರೆ ಒಂದು ಗಾಡಿ ಹಿಂದೆ ಮುಂದೆ, ಹಿಂದೆ ಮುಂದೆ ಹೋಗುತ್ತಿದೆ. ಎರಡು ಟ್ರೇಲರ್ ಮಧ್ಯದ ಸಂದಿಗೆ ಬರಲು ಒದ್ದಾಡುತ್ತಿದ್ದ. ಒಳಗೆ ಚಿಕ್ಕ ಹುಡುಗ, ಪಂಜಾಬಿನ ಕಡೆಯವನಿರಬೇಕು. ಸ್ಟೇರಿಂಗ್ ಹಿಡಿದ ರೀತಿಯಲ್ಲೇ ಹೊಸಬ ಎಂದು ಗೊತ್ತಾಗುತ್ತಿತ್ತು. ಜಾಕೆಟ್ ಹಾಕಿ, ಟಾರ್ಚ್ ತಗೊಂಡು ಇಳಿದೆ. ಅವನಿಗೆ ಕಾಣುವಂತೆ ಕೈ ಎತ್ತಿ, ಅವನ ಕನ್ನಡಿಗೆ ಸಿಗದ ಬಲಗಡೆ ಹೋಗಿ ನಿಂತೆ. ಕಿಟಕಿ ಇಳಿಸಿದ. ಟ್ರೇಲರ್‌ನ ಬಾಡಿ ತಟ್ಟಿದೆ. ಬಾಯಿಂದ ತಾನಾಗಿಯೇ ಬಂತು:

"ಬರ್ಲಿ, ಬರ್ಲಿ... ರೈಟ್... ರೈಟ್..."

ಅವನು ಬಂದ. ನಿಧಾನಕ್ಕೆ, ನೇರವಾಗಿ ಬಂದ.

"ಓಲ್ಡಾನ್!"