ಬಾಗಿಲಾಚೆಯ ಸದ್ದು

ನಮ್ಮ ಫಿಲ್ಮ್ ಸೊಸೈಟಿಯ ಈ ಸಲದ ಚಿತ್ರಮಾಲಿಕೆಯಲ್ಲಿ ಹೊರದೇಶಗಳ ಚಿತ್ರಗಳ ಜೊತೆಗೆ, ದೊಡ್ಡ ನಿರ್ಮಾಣ ಸಂಸ್ಥೆಗಳ ಹಂಗಿಲ್ಲದೆ ತಯಾರಾದ ಸ್ವತಂತ್ರ ಚಿತ್ರಗಳೂ ಇದ್ದವು. ಮೊದಲೆರಡು ಪ್ರದರ್ಶನಗಳಲ್ಲಿ ನಾನು ಪರದೆಯ ಕೆಳಗಿನ ಅಕ್ಷರಗಳನ್ನು ಓದುವುದರಲ್ಲೇ ಮುಳುಗಿ ನಟರ ಮುಖಗಳನ್ನು ಸರಿಯಾಗಿ ನೋಡಲಿಲ್ಲವೆಂದು ಒಪ್ಪಿಕೊಳ್ಳಬೇಕು. 1925ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಫಿಲ್ಮ್ ಸೊಸೈಟಿಯೂ, 1947ರಲ್ಲಿ ಸತ್ಯಜಿತ್ ರಾಯ್ ಮೊದಲಾದವರು ಕಟ್ಟಿದ ಕಲ್ಕತ್ತಾ ಫಿಲ್ಮ್ ಸೊಸೈಟಿಯೂ ಚಿತ್ರಮಂದಿರಗಳಿಗೆ ಸುಲಭವಾಗಿ ಬಾರದ ಚಿತ್ರಗಳನ್ನು ಸದಸ್ಯರಿಗೆ ತೋರಿಸಿದವು. ಎಲ್ಲವೂ ಮನೆಯಲ್ಲೇ ಸಿಗುವ ಈಗ ಇಂಥ ಕೂಟವೇಕೆ ಎಂದು ಕೇಳುವವರಿದ್ದಾರೆ. ನನ್ನ ಮಟ್ಟಿಗೆ ಉತ್ತರವಿರುವುದು ಪ್ರದರ್ಶನದ ನಂತರದ ಚರ್ಚೆಯಲ್ಲಿ (ಪ್ರಶ್ನೆಯ ನೆಪದಲ್ಲಿ ಭಾಷಣ ಬಿಗಿಯುವವರ ಕಾಟವನ್ನು ಸಹಿಸಿಕೊಂಡರೆ). ನನಗೆ ಬರೀ ನಿಧಾನವೆನಿಸಿದ್ದ ದೀರ್ಘ ಶಾಟ್ ಒಂದರಲ್ಲಿ ಬಾಗಿಲಾಚೆಯ ಸದ್ದುಗಳೇ ಕಥೆ ಹೇಳುತ್ತಿದ್ದವೆಂದು ಹಿಂದಿನ ಸಾಲಿನ ಹಿರಿಯರೊಬ್ಬರು ತೋರಿಸಿಕೊಟ್ಟಾಗ, ಆ ದೃಶ್ಯವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಕೇಳಿಸಿಕೊಂಡೆ.