ಬಾಗಿಲ ಮೇಲಿನ ‘ನಾಳೆ ಬಾ’

ನಮ್ಮ ಅಜ್ಜಿಯ ಮನೆಯ ತಲೆಬಾಗಿಲ ಮೇಲೆ ಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿತ್ತು. ಬರೆದವರ ಬೆರಳಿನಲ್ಲಿ ಸುಣ್ಣ ಹೆಚ್ಚಾಗಿ, ‘ಬಾ’ ಅಕ್ಷರದಿಂದ ಒಂದು ಗೆರೆ ಚಿಲಕದವರೆಗೂ ಇಳಿದಿತ್ತು. ರಾತ್ರಿ ಬಂದು, ಮನೆಯವರದೇ ದನಿಯಲ್ಲಿ ಕೂಗಿ ಕದ ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದರೂ ಅದೇ ಮಾತನ್ನು ಓದಿ ಮತ್ತೆ ಹೋಗುತ್ತದೆ ಎಂಬುದು ನಂಬಿಕೆ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳ ಬಾಗಿಲುಗಳ ಮೇಲೆ ಈ ಎರಡು ಪದಗಳಿದ್ದವು.

ಸಂಕಥನದಲ್ಲಿ, ಅಂದರೆ ಜನ ಒಂದು ಸಂದರ್ಭದಲ್ಲಿ ಆಡುವ ಅಥವಾ ಬರೆಯುವ ಮಾತಿನಲ್ಲಿ, ಅರ್ಥ ಹೇಗೆ ಹುಟ್ಟುತ್ತದೆ ಎಂದು ಯೋಚಿಸುವಾಗಲೆಲ್ಲ ನನಗೆ ಆ ಬಾಗಿಲೇ ನೆನಪಾಗುತ್ತದೆ. ಭಾಷೆಯಲ್ಲಿ ಒಂದು ಸಂಕೇತದ ಬೆಲೆ ಇತರ ಸಂಕೇತಗಳೊಂದಿಗಿನ ವ್ಯತ್ಯಾಸದಿಂದ ಬರುತ್ತದೆ ಎಂಬುದು, 1916ರಲ್ಲಿ ಮರಣಾನಂತರ ಪ್ರಕಟವಾದ, ಸ್ವಿಸ್ ಭಾಷಾವಿಜ್ಞಾನಿ ಸೊಸ್ಯೂರ್ ಅವರ ಉಪನ್ಯಾಸಗಳ ತಿರುಳು. ನಿನ್ನೆ, ಇಂದು, ನಾಡಿದ್ದು ಇವುಗಳ ನಡುವೆ ‘ನಾಳೆ’ಗೆ ಒಂದು ಜಾಗವಿದೆ, ನಿಜ, ಆದರೆ ಅದು ಯಾವ ದಿನ ಎಂಬುದನ್ನು ಆ ವ್ಯವಸ್ಥೆ ಹೇಳಲಾರದು. ‘ನಾನು’ ಎಂದರೆ ಆ ಮಾತಿನಲ್ಲಿ ‘ನಾನು’ ಎನ್ನುತ್ತಿರುವವನು, ಅದರಾಚೆ ಅದಕ್ಕೆ ನಿರ್ದೇಶಿಸಲು ಬೇರೆ ವಸ್ತುವಿಲ್ಲ ಎಂದು ಫ್ರೆಂಚ್ ಭಾಷಾವಿಜ್ಞಾನಿ ಎಮಿಲ್ ಬೆನ್ವೆನಿಸ್ತ್ 1956ರ ಲೇಖನದಲ್ಲಿ ತೋರಿಸಿದರು. ‘ನಾಳೆ’ಯೂ ಅಂಥದೇ ಪದ. ಬಾಗಿಲ ಮೇಲೆ ‘ಭಾನುವಾರ ಬಾ’ ಎಂದಿದ್ದರೆ ದೆವ್ವ ಭಾನುವಾರ ಬಂದುಬಿಡುತ್ತಿತ್ತು. ಬರೆದ ಕೈ ಹೋದ ಮೇಲೂ ಪ್ರತಿ ಓದಿನಲ್ಲಿ ಆ ಮಾತು ಹೊಸದಾಗಿ ಆಡಲ್ಪಡುತ್ತದೆ, ಪ್ರತಿ ಸಲವೂ ‘ನಾಳೆ’ ಒಂದು ದಿನ ಮುಂದಕ್ಕೆ ಸರಿಯುತ್ತದೆ. ಮನೆಯನ್ನು ಕಾಯುತ್ತಿದ್ದುದು ಈ ಸರಿಯುವಿಕೆಯೇ ಎಂಬುದು ನನ್ನ ತಿಳಿವಳಿಕೆ. ಆ ‘ಬಾ’ ಕೂಡ ಗಮನಿಸತಕ್ಕದ್ದು: ದೇವರಿಗೂ ಮಗುವಿಗೂ ಸಲ್ಲುವ ಏಕವಚನವೇ ಇಲ್ಲಿ ದೆವ್ವಕ್ಕೂ ಸಲ್ಲುತ್ತದೆ.

ಕಿರಾಣಿ ಅಂಗಡಿಯ ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕದಲ್ಲಿರುವುದೂ ಇದೇ ‘ನಾಳೆ’. ಆದರೆ ಅಲ್ಲಿ ಓದುವ ಗಿರಾಕಿಗೆ ಒಳಗುಟ್ಟು ಗೊತ್ತಿರುತ್ತದೆ; ‘ಸಾಲ ಕೇಳಬೇಡಿ’ ಎಂಬ ಅರ್ಥ ಅಂಗಡಿಯವನಿಗೂ ಅವನಿಗೂ ನಡುವಿನ ಒಪ್ಪಂದದಂತೆ ನಿಲ್ಲುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಪ್ರಮಾಣಪತ್ರಕ್ಕಾಗಿ ಕಚೇರಿಯೊಂದಕ್ಕೆ ಅಲೆದಾಗ ‘ನಾಳೆ ಬನ್ನಿ’ ಎಂಬ ಮಾತನ್ನು ಮೂರು ಸಲ ಕೇಳಿದೆ. ಬಹುವಚನದ ಮರ್ಯಾದೆ ಇತ್ತು. ಆದರೆ ಗುಮಾಸ್ತರ ಕಣ್ಣು ಕಡತದಿಂದ ಮೇಲೇಳಲಿಲ್ಲ, ನನ್ನ ಅರ್ಜಿ ಇದ್ದ ಕಟ್ಟಿನ ದಾರ ಬಿಚ್ಚಲಿಲ್ಲ. ಈ ಸಂಕೇತಗಳೂ ಮಾತಿನೊಂದಿಗೆ ಸೇರಿಕೊಂಡು ‘ನಾಳೆ’ಯನ್ನು ‘ಸದ್ಯಕ್ಕಿಲ್ಲ’ ಆಗಿಸಿದ್ದವು. ನಾಲ್ಕನೆಯ ದಿನ ಅವರು ತಲೆಯೆತ್ತಿ, ‘ನಾಳೆ ಹನ್ನೊಂದಕ್ಕೆ ಬನ್ನಿ’ ಎಂದು ಹೇಳಿ, ಆ ಸಮಯವನ್ನು ನನ್ನ ರಸೀತಿಯ ಹಿಂಬದಿಗೆ ಬರೆದುಕೊಟ್ಟರು. ಮರುದಿನ ಹನ್ನೊಂದಕ್ಕೆ ಹೋದಾಗ ಪತ್ರ ಸಿದ್ಧವಾಗಿತ್ತು.